ಅಕ್ರೋಟು ಕಾಡಿನಲ್ಲಿ ಕೂಗದ ಹೆಸರು

ಜಂಗಾಕ್-ಸಾಯಿ ಕಾಡು, ಮೇಲಿನ ಡೇರೆ
ಅಕ್ಟೋಬರ್ ಹದಿನೇಳು, ಬೆಳಿಗ್ಗೆ

ನನ್ನ ಅವ್ವನಿಗೆ,

ನಿನ್ನ ಎರಡೂ ಅಂಗೈಗಳನ್ನು ಹಣೆಗೆ ಒತ್ತಿಕೊಂಡು ನಿನ್ನ ಜಿಪಾರ್ ಬರೆಯುವುದು. ನಿನ್ನ ಮಂಡಿನೋವು ಹೇಗಿದೆ? ಕಂದು ಹಸು ಕರು ಹಾಕಿತೆ? ಈ ಕಾಗದವನ್ನು ನೀನೊಬ್ಬಳೇ ಓದು. ತಡವಾದರೂ ಪರವಾಗಿಲ್ಲ, ಅಕ್ಷರ ಕೂಡಿಸಿಕೊಂಡು ನೀನೇ ಓದು. ತಮ್ಮನ ಕೈಗೆ ಕೊಡಬೇಡ. ಅಲ್ಲಲ್ಲಿ ಕಪ್ಪು ಗುರುತುಗಳಿವೆ, ಅವು ಅಕ್ರೋಟಿನ ಹಸಿ ಸಿಪ್ಪೆಯ ಕಲೆ. ಸುಗ್ಗಿ ಮುಗಿಯುವವರೆಗೆ ಇಲ್ಲಿ ಯಾರ ಕೈಯೂ ಬಿಳಿಯಾಗುವುದಿಲ್ಲ ಎಂದು ನಿನಗೇ ಗೊತ್ತು.

ನನ್ನ ಮಾವ ಕಾಣೆಯಾಗಿದ್ದಾರೆಂಬ ಸುದ್ದಿ ಇಷ್ಟು ಹೊತ್ತಿಗೆ ನಿನಗೆ ಮುಟ್ಟಿರುತ್ತದೆ. ಇವತ್ತಿಗೆ ಆರು ದಿನ. ಕುದುರೆ ಹುಡುಕಲು ಹೋದವರು ಬರಲಿಲ್ಲ ಎಂದು ನಾನೇ ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಸರಿಯಾಗಿ ಬರೆಯಲು ಬಾರದು. ಆದರೆ ಬಾಯಿಬಿಟ್ಟು ಹೇಳುವುದಕ್ಕಿಂತ ನನಗೆ ಇದೇ ಸುಲಭ.

ಹನ್ನೊಂದನೇ ತಾರೀಖು ಡೇರೆಯಲ್ಲಿ ನಾವು ಮೂವರೇ ಇದ್ದೆವು. ನಿನ್ನ ಅಳಿಯ ಮೊದಲ ಹೇರು ತೆಗೆದುಕೊಂಡು ಪಟ್ಟಣಕ್ಕೆ ಇಳಿದಿದ್ದರು. ಇನ್ನೂ ಬಂದಿಲ್ಲ. ಮಾವ ಡೇರೆಯ ಹಿಂದಿನ ದೊಡ್ಡ ಮರ ಹತ್ತಿ ಕೊಂಬೆ ಅಲ್ಲಾಡಿಸುತ್ತಿದ್ದರು. ಈ ವಯಸ್ಸಿನಲ್ಲೂ ಅವರಷ್ಟು ಎತ್ತರ ಹತ್ತುವವರು ಈ ಕಡೆ ಇಲ್ಲ. ಮೇಲಿನಿಂದಲೇ ನನ್ನನ್ನು ರೇಗಿಸುತ್ತಿದ್ದರು. "ಏ ಗುಬ್ಬಿ, ತಲೆ ತಗ್ಗಿಸ್ಕೊಂಡೇ ಆರಿಸ್ತೀಯಲ್ಲ, ಮೇಲೂ ಒಂದ್ಸಲ ನೋಡು. ಕಾಯಿ ಮೇಲಿಂದಲೇ ಬೀಳೋದು," ಎನ್ನುತ್ತಿದ್ದರು. ಮದುವೆಯಾಗಿ ಎಂಟು ತಿಂಗಳಾದರೂ ನಾನು ಅವರ ಮುಂದೆ ಹತ್ತು ಮಾತು ಆಡಿಲ್ಲ. ಅದಕ್ಕೇ ಗುಬ್ಬಿ ಎಂಬ ಹೆಸರು.

ಅತ್ತೆ ನೀರಿಗೆಂದು ಬಿಂದಿಗೆ ಹಿಡಿದು ಕೆಳಗಿನ ಚಿಲುಮೆಗೆ ಹೋದರು. ದಾರಿಯ ಹಳೆಯ ಮರಗಳಲ್ಲಿ ತಲೆಗಾತ್ರದ ಗಂಟುಗಳಿವೆ. ಅತ್ತೆ ಪ್ರತಿಯೊಂದು ಗಂಟಿಗೂ ಸಲಾಂ ಹೇಳಿಯೇ ಮುಂದೆ ಹೋಗುವುದು. ನಾನು ಬಂದ ಹೊಸದರಲ್ಲಿ ಅವರೇ ಹೇಳಿದ್ದರು: "ಅವೆಲ್ಲ ಮನುಷ್ಯರು ಕಣೇ. ಈ ಕಾಡಲ್ಲಿರೋ ತಾಮ್ರದುಗುರಿನವಳ ಹಿಂದೆ ಹೋದೋರು. ಮೊದಲ ಹಿಮ ಬೀಳೋ ತನಕ ಅವಳಿಗೆ ಕಾಯಿ ಸುಲೀತಾ ಕೂತಿರ್ತಾರೆ. ಹಿಮ ಬಿತ್ತು ಅಂದ್ರೆ ಮರದೊಳಗೆ ಹೋಗ್ತಾರೆ." ವಾಪಸು ಕರೆಸಲು ಆಗುವುದಿಲ್ಲವೇ ಎಂದು ನಾನು ಕಣ್ಣಲ್ಲೇ ಕೇಳಿದೆ. "ಆಗುತ್ತೆ. ಅವರು ಹೋಗೋದನ್ನ ಕೊನೇಲಿ ಯಾರು ನೋಡಿದ್ರೋ ಅವರೇ ಹೆಸರು ಹಿಡಿದು ಮೂರು ಸಲ ಕೂಗಬೇಕು. ಬೇರೆ ಯಾರು ಕೂಗಿದ್ರೂ ಅವರಿಗೆ ಗಾಳಿ ಬೀಸಿದ ಹಾಗೆ," ಎಂದಿದ್ದರು.

ಅದಕ್ಕಾಗಿಯೇ ನಮ್ಮ ಡೇರೆಯಲ್ಲಿ ರೊಟ್ಟಿ ಮುರಿಯುವ ಮೊದಲು ಎಲ್ಲರೂ ಊಟದ ಬಟ್ಟೆಯ ಮೇಲೆ ಕೈ ಚಾಚಿ ತೋರಿಸಬೇಕು. ಮನೆಯವರಾದರೂ ಸರಿ, ಬಂದವರಾದರೂ ಸರಿ. ಕಪ್ಪು ಕೈಯಾದರೆ ಮನುಷ್ಯರದು. ತಾಮ್ರದುಗುರಿಗೆ ಅಕ್ರೋಟಿನ ಬಣ್ಣ ಹಿಡಿಯುವುದಿಲ್ಲ. ಕೈ ನೋಡದೆ ರೊಟ್ಟಿ ಕೊಟ್ಟವರ ಮೇಲೆ ಅವಳಿಗೆ ಹಕ್ಕು ಬರುತ್ತದೆ.

ಅವ್ವ, ನಾನು ಕೈ ನೋಡಲಿಲ್ಲ.

ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟು ಕೂತಿದ್ದೆ. ತಲೆಯೆತ್ತಿದರೆ ಒಬ್ಬಳು ಹೆಂಗಸು ಎದುರು ನಿಂತಿದ್ದಳು. ನಿನ್ನ ವಯಸ್ಸಿನವಳು. ಉದ್ದ ತೋಳಿನ ಹಳೆಯ ಕೋಟು, ತೋಳಿನ ತುದಿ ಮಂಡಿಯವರೆಗೆ ಇಳಿಬಿದ್ದಿತ್ತು. ಒಣ ಎಲೆಯ ಮೇಲೆ ನಡೆದುಬಂದರೂ ಸದ್ದಾಗಿರಲಿಲ್ಲ. ಅವಳು ಏನೂ ಕೇಳದೆ ರೊಟ್ಟಿಯ ಕಡೆ ನೋಡಿದಳು. ಹಿರಿಯಳಿಗೆ 'ಕೈ ತೋರಿಸಿ' ಎಂದು ಹೇಳುವುದು ಹೇಗೆ? ಅತ್ತೆ ಇದ್ದಿದ್ದರೆ ಮುಲಾಜಿಲ್ಲದೆ ಹೇಳುತ್ತಿದ್ದರು. ನನ್ನ ನಾಲಿಗೆ ಏಳಲಿಲ್ಲ. ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟುಬಿಟ್ಟೆ.

ಅವಳು ರೊಟ್ಟಿಯ ಜೊತೆಗೆ ನನ್ನ ಮಣಿಕಟ್ಟನ್ನೂ ಹಿಡಿದಳು. ಕೋಟಿನ ಬಟ್ಟೆಯ ಒಳಗಿಂದಲೇ ತಣ್ಣನೆಯ ಲೋಹ ತಗುಲಿತು. ಚಳಿಗಾಲದ ಬೆಳಿಗ್ಗೆ ಬರಿಗೈಯಲ್ಲಿ ಬಾವಿಯ ಸರಪಳಿ ಹಿಡಿದ ಹಾಗೆ. ಕಾಲುಗಳು ತಾವಾಗಿಯೇ ಎದ್ದು ನಿಂತವು. ಮನೆ, ಒಲೆ, ನೀನು, ಎಲ್ಲ ಮರೆಯುತ್ತಾ ಬಂದಿತು.

ಅಷ್ಟರಲ್ಲಿ ಮಾವ ಮರದಿಂದ ಜಾರಿ ಇಳಿದರು. ಹೊಟ್ಟೆಯ ಮೇಲೆಲ್ಲ ಗೀರು. ಅವಳ ಮುಖವನ್ನೇ ನೋಡುತ್ತಾ ಮಾಮೂಲಿ ಗಲಾಟೆಯ ದನಿಯಲ್ಲೇ ಹೇಳಿದರು: "ಅವಳನ್ನ ಬಿಡಮ್ಮಾ. ಆ ರೊಟ್ಟಿ ನಂದು, ನನ್ನ ಬೆವರಿಂದು. ಕೊಟ್ಟೋನು ನಾನು. ಈ ಹುಡುಗಿ ಬರೀ ಚಾಚಿದ್ದು." ಅವಳು ನನ್ನ ಕೈ ಬಿಟ್ಟು ಅವರ ಕೈ ಹಿಡಿದಳು.

ಹೋಗುವಾಗ ಮಾವ ತಿರುಗಿ, "ಒಲೆ ನೋಡ್ಕೋ ಗುಬ್ಬಿ, ಹಾಲು ಉಕ್ಕೀತು," ಎಂದರು. ಅಷ್ಟೇ. ಚಿಲುಮೆಯ ಕಡೆಯ ಇಳಿಜಾರಿನಲ್ಲಿ ಇಬ್ಬರೂ ಇಳಿದುಹೋದರು. ಹಾಲು ಉಕ್ಕಿ ಒಲೆ ಆರಿತು.

ನಾನು ಕೂಗಿದೆ ಅವ್ವ. 'ಮಾವಾ' ಎಂದು ಕೂಗಿದೆ. ಹೆಸರಿನ ಬದಲು ಇಟ್ಟುಕೊಂಡ 'ದೊಡ್ಡ ಟೋಪಿಯವರೇ' ಎಂದು ಕೂಗಿದೆ. ಈ ಕಾಡಿನಲ್ಲಿ ಮಾವಂದಿರು ಎಷ್ಟು ಜನವೋ, ದೊಡ್ಡ ಟೋಪಿ ಹಾಕಿದವರು ಎಷ್ಟು ಜನವೋ. ಹೆಸರು ನಾಲಿಗೆಯ ತುದಿಯಲ್ಲಿತ್ತು. ಬರಲಿಲ್ಲ.

ಮದುವೆಯಲ್ಲಿ ನನ್ನ ತಲೆಗೆ ಸೊಸೆಯ ಬಿಳಿ ವಸ್ತ್ರ ಕಟ್ಟಿದ ದಿನ ನೀನು ಕಿವಿಯಲ್ಲಿ ಹೇಳಿದ್ದು ನೆನಪಿದೆಯೇ? "ಆ ಮನೆ ಗಂಡಸರ ಹೆಸರು ಸಾಯೋ ತನಕ ನಿನ್ನ ಬಾಯಲ್ಲಿ ಬರಕೂಡದು. ಸೊಸೆ ಹೆಸರು ಹೇಳಿದ್ರೆ ಮಾವನ ಆಯಸ್ಸು ಅಷ್ಟಷ್ಟೇ ಕಮ್ಮಿ ಆಗುತ್ತೆ." ನಾನು ಆ ಮಾತನ್ನು ನಡೆಸಿದೆ. ಈಗ ಆ ಆಯಸ್ಸೇ ಕಾಡಿನಲ್ಲಿ ಕೂತು ಕಾಯಿ ಸುಲಿಯುತ್ತಿದೆ.

ಅತ್ತೆ ಬಂದಾಗ ಅವರ ಬಿಂದಿಗೆ ಅರ್ಧ ಖಾಲಿಯಾಗಿತ್ತು, ಬಟ್ಟೆಯೆಲ್ಲ ಒದ್ದೆ. ಎಲ್ಲಿ ಎಂದು ಕೇಳಿದರು. ಕುದುರೆ ಹುಡುಕಲು ಹೋದರು ಎಂದೆ. "ಕರೆದೆಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ಅವರು ಮತ್ತೇನೂ ಕೇಳಲಿಲ್ಲ. ಅದು ನನಗೆ ಆಗಲೇ ವಿಚಿತ್ರವೆನಿಸಬೇಕಿತ್ತು.

ಪಕ್ಕದ ಡೇರೆಯ ಮಾಮಿತ್ ತನ್ನ ಜನರನ್ನು ಕಟ್ಟಿಕೊಂಡು ಎರಡು ದಿನ ಹುಡುಕಿದ. ಗಂಡಸರು ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಕಾಡು ಅವರ ದನಿಯನ್ನೇ ಅವರಿಗೆ ತಿರುಗಿಸಿ ಕಳಿಸಿತು. ಮೂರನೇ ದಿನ ಚಹಾ ಕುಡಿಯುತ್ತಾ ಮಾಮಿತ್, "ಮುದುಕ ಯಾವಳೋ ವಿಧವೆ ಹಿಂದೆ ಹೋಗಿರಬೇಕು ಅಕ್ಕಾ, ವಸಂತಕ್ಕೆ ತಾನೇ ಬರ್ತಾನೆ," ಎಂದ. ಅತ್ತೆ ಅವನ ಕೈಯಿಂದ ಬಟ್ಟಲು ಕಿತ್ತುಕೊಂಡರು. "ಹಂಗೆ ಹೋಗೋನಾಗಿದ್ರೆ ಹೊಸ ಬೂಟು ಹಾಕ್ಕೊಂಡು ಹೋಗ್ತಿದ್ದ. ನೋಡು, ಅಲ್ಲೇ ಇದೆ. ನೀನು ಎದ್ದು ನಿನ್ನ ಹೆಂಡ್ತಿ ಎಲ್ಲಿದಾಳೆ ನೋಡ್ಕೋ ಹೋಗು," ಎಂದರು. ಅವನು ಹೋದ ಮೇಲೆ ಆ ಬೂಟುಗಳನ್ನು ಒಳಗಿಟ್ಟು ಅವುಗಳ ಪಕ್ಕದಲ್ಲೇ ಕೂತರು. ಆ ದಿನದಿಂದ ಅತ್ತೆ ರೊಟ್ಟಿ ಮುಟ್ಟಿಲ್ಲ. ಎರಡು ಒಣಮೊಸರಿನ ಉಂಡೆ ಬಾಯಲ್ಲಿಟ್ಟುಕೊಂಡು ದಿನ ಕಳೆಯುತ್ತಾರೆ. ನನ್ನ ಮುಖ ನೋಡುವುದಿಲ್ಲ. ಗೊತ್ತಾಗಿಬಿಟ್ಟಿದೆಯೋ ಏನೋ ಎಂದು ನನಗೆ ಭಯ.

ನಿನ್ನೆಯಿಂದ ಬೆಟ್ಟದ ತುದಿಯಲ್ಲಿ ಮೋಡ ಕಟ್ಟಿದೆ. ಇವತ್ತು ಬೆಳಿಗ್ಗೆ ಬಕೆಟ್ಟಿನ ನೀರು ಅಂಚಿನಲ್ಲಿ ಹೆಪ್ಪುಗಟ್ಟಿತ್ತು. ನಾಳೆಯೊಳಗೆ ಹಿಮ ಬೀಳುತ್ತದೆ.

ಮೂರು ದಿನದಿಂದ ಅಭ್ಯಾಸ ಮಾಡುತ್ತಿದ್ದೇನೆ. ಖಾಲಿ ಕೆಟಲಿನೊಳಗೆ ಬಾಯಿಟ್ಟು ಹೇಳಲು ನೋಡಿದೆ. ಮೊದಲ ಅಕ್ಷರ ಬಂತು. ಮರುದಿನ ಅರ್ಧ ಬಂತು. ಇವತ್ತು ಪೂರ್ತಿ ಬಂತು, ಹೇಳಿದ ಕೂಡಲೇ ಕೆಟಲಿನ ಮುಚ್ಚಳ ಹಾಕಿಬಿಟ್ಟೆ. ಈ ಕಾಗದದಲ್ಲಿ ಬರೆಯಲೂ ಕೈ ಬರುತ್ತಿಲ್ಲ.

ಈಗ ಅತ್ತೆ ಕಾಯಿ ಒಣಗಿಸುತ್ತಿದ್ದಾರೆ. ನಾನು ಸೌದೆ ತರುತ್ತೇನೆಂದು ಹೇಳಿ ಹೊರಡುತ್ತೇನೆ. ಇಳಿಜಾರಿನ ಅಂಚಿಗೆ ಹೋಗಿ ಕೂಗುತ್ತೇನೆ. ಕೂಗಿದರೆ ನಿನ್ನ ಮಾತು ಮೀರಿದವಳಾಗುತ್ತೇನೆ. ಅತ್ತೆ ಕೇಳಿಸಿಕೊಂಡರೆ ನಾಳೆಯೇ ನನ್ನನ್ನು ನಿನ್ನ ಬಾಗಿಲಿಗೆ ಕಳಿಸಬಹುದು. ಕಳಿಸಲಿ. ನನ್ನ ಜಾಗದಲ್ಲಿ ಹೋದವರು ಅವರು. ಒಂದು ವೇಳೆ ಅವಳು ನನ್ನನ್ನೇ ಹಿಡಿದುಕೊಂಡರೆ, ನಾನು ಸೌದೆಗೆ ಹೋಗಿರಲಿಲ್ಲ ಎಂಬುದು ನಿನಗೊಬ್ಬಳಿಗಾದರೂ ಗೊತ್ತಿರಲಿ.

ಕೂಗುವ ಮಾತು ಬಂದಾಗಲೆಲ್ಲ ನಾನು ಹತ್ತು ವರ್ಷದವಳಾಗಿದ್ದಾಗಿನ ಒಂದು ಸಂಜೆ ನೆನಪಾಗುತ್ತದೆ. ಅದನ್ನು ಈಗ ಬರೆಯುವುದಿಲ್ಲ. ಹೊತ್ತಾಗುತ್ತಿದೆ.

ನಿನ್ನ ಮಾತಿಗೆ ಎಂದೂ ಎದುರಾಡದ,
ಇವತ್ತೊಂದು ದಿನ ಆಡಲಿರುವ ನಿನ್ನ ಮಗಳು,
ಜಿಪಾರ್

ತಾ.ಕ.

ಹದಿನೆಂಟು, ಬೆಳಿಗ್ಗೆ. ಹೊರಗೆ ಹಿಮ ಬೀಳುತ್ತಿದೆ. ಕಾಗದ ಮುಚ್ಚಿರಲಿಲ್ಲ, ಉಳಿದದ್ದನ್ನೂ ಬರೆಯುತ್ತೇನೆ.

ನಿನ್ನೆ ಇಳಿಜಾರಿನ ಅಂಚಿನಲ್ಲಿ ನಿಂತು ನಾನು ಕೂಗಿದೆ. ಮೊದಲ ಸಲ ಪಿಸುಮಾತಿನಂತೆ ಬಂತು, ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ, ಮೂರನೆಯ ಸಲ ಹಕ್ಕಿಗಳು ಎದ್ದು ಹಾರುವಷ್ಟು ಜೋರಾಗಿ. ಓಮುರ್ಜಾಕ್. ನೋಡು, ಬರೆದೆ. ಕಾಡು ಅಲ್ಲಾಡಲಿಲ್ಲ. ಯಾರೂ ಬರಲಿಲ್ಲ. ನನ್ನಿಂದಲೇ ತಡವಾಯಿತು ಎಂದುಕೊಂಡು ಅಲ್ಲೇ ಕೂತೆ.

ಹಿಂದೆ ಎಲೆಯ ಸದ್ದಾಯಿತು. ಅತ್ತೆ. ಹೊಸ ಬೂಟುಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ನನ್ನ ಪಕ್ಕದಲ್ಲೇ ಮಣ್ಣಿನಲ್ಲಿ ಕೂತರು. "ನೀನು ಕೂಗಿದ್ರೆ ಬರೋಲ್ಲ ಕಣೇ," ಎಂದರು. "ಕೊನೇಲಿ ನೋಡಿದೋಳು ನೀನಲ್ಲ. ನಾನು. ಚಿಲುಮೆ ಹತ್ರ ನನ್ನ ಮುಂದೇನೇ ಹೋದ. ನನ್ನ ನೋಡಿದ. ಬಿಂದಿಗೆ ಕೈ ಜಾರಿತು, ಬಾಯಿ ಮಾತ್ರ ತೆರೀಲಿಲ್ಲ. ಮೂವತ್ನಾಲ್ಕು ವರ್ಷ ಆಯ್ತು ಈ ಬಾಯಿಗೆ ಬೀಗ ಬಿದ್ದು. ಆರು ದಿನದಿಂದ ನಿನ್ನ ಮುಖ ನೋಡೋಕೆ ನಾಚಿಕೆ ನಂಗೆ."

ಆಮೇಲೆ ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಹೇಳು, ನಿನ್ನ ಹಿಂದೆ ನಾನೂ ಹೇಳ್ತೀನಿ," ಎಂದರು. ಮಕ್ಕಳಿಗೆ ಪಾಠ ಹೇಳಿಕೊಟ್ಟಂತೆ ನಾನು ಹೇಳಿದೆ. ಅವರು ಕೂಗಿದರು. ಅದು ಕೂಗಲ್ಲ ಅವ್ವ, ಮೂವತ್ತನಾಲ್ಕು ವರ್ಷ ಒಳಗೆ ಮಡಚಿಟ್ಟಿದ್ದು ಬಿಚ್ಚಿಕೊಂಡಂತಿತ್ತು. ಮೂರನೆಯ ಕೂಗಿಗೆ ಮರಗಳ ನಡುವಿನಿಂದ ಮಾವ ಬಂದರು. ಬರಿಗಾಲು, ಗಡ್ಡದಲ್ಲಿ ಪಾಚಿ, ಮೊಣಕೈವರೆಗೆ ತೊಗಟೆಯಂತೆ ಒಡೆದ ಚರ್ಮ. ಅತ್ತೆ ಬೂಟು ಅವರ ಮುಂದೆ ಎಸೆದು, "ಹಾಕ್ಕೋ, ಶೀತ ಆಗುತ್ತೆ," ಎಂದರು. ಅವರು ಬೂಟು ಹಾಕಿಕೊಳ್ಳದೆ ಅತ್ತೆಯ ಮುಖವನ್ನೇ ನೋಡುತ್ತಾ, "ನನ್ನ ಹೆಸರು ಇಷ್ಟು ಚೆನ್ನಾಗಿದೆಯಾ?" ಎಂದರು.

ಸಂಜೆ ರೊಟ್ಟಿಯ ಮುಂದೆ ಮೂವರೂ ಕೈ ಚಾಚಿದೆವು. ಮೂವರದೂ ಕಪ್ಪು. ಅತ್ತೆ ಮೂರು ರೊಟ್ಟಿ ತಿಂದರು.

ಅವ್ವ, ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ಹತ್ತು ವರ್ಷದವಳಾಗಿದ್ದಾಗಿನ ಆ ಸಂಜೆಯ ವಿಷಯ ಉಳಿದಿದೆ. ನಾನು ಶಾಲೆಯಿಂದ ಬಂದಾಗ ನೀನು ಬೇಲಿಯ ಬಳಿ ಇದೇ ಕಾಡಿನ ಕಡೆ ಮುಖ ಮಾಡಿ ನಿಂತಿದ್ದೆ. "ಜಿಪಾರಳ ಅಪ್ಪಾ, ಜಿಪಾರಳ ಅಪ್ಪಾ," ಎಂದು ಕೂಗುತ್ತಿದ್ದೆ. ಆ ವಾರವೇ ಹಿಮ ಬಿತ್ತು. ಆಮೇಲೆ ನನ್ನ ಶಾಲೆ ನಿಂತಿತು. ಅಪ್ಪ ಕಣಿವೆ ದಾಟಿ ಕೆಲಸಕ್ಕೆ ಹೋದ ಎಂದು ನೀನು ಹೇಳಿದೆ, ನಾನು ನಂಬಿದೆ. ಮೊನ್ನೆ ನಾನು ಕುದುರೆಯ ಸುಳ್ಳು ಹೇಳಿದಾಗ ನನ್ನ ದನಿ ನಿನ್ನ ದನಿಯಂತೆಯೇ ಇತ್ತು.

ನಾನು ದೂರುತ್ತಿಲ್ಲ. ನನ್ನ ನಾಲಿಗೆಯೂ ಆರು ದಿನ ಏಳಲಿಲ್ಲ. ಒಂದೇ ಮಾತು ಹೇಳಬೇಕು. ಮಾವ ನಿನ್ನೆ ಹೇಳಿದರು: "ಮರ ಆದೋರೂ ಕಿವಿ ಕೊಟ್ಟುಕೊಂಡೇ ಇರ್ತಾರೆ ಗುಬ್ಬಿ. ಹೊರಗೆ ಬರೋಕೆ ಆಗದೇ ಇರಬಹುದು. ತಮ್ಮ ಹೆಸರು ಕೇಳಿಸಿದ್ರೆ ಸಾಕು ಅಂತ ಕಾಯ್ತಿರ್ತಾರೆ."

ಬರುವ ಸುಗ್ಗಿಗೆ ನೀನು ಇಲ್ಲಿಗೆ ಬಾ. ಚಿಲುಮೆಯ ದಾರಿಯಲ್ಲಿ ಗಂಟಿರುವ ಮರಗಳು ಹದಿನೇಳು ಇವೆ. ಒಂದೊಂದರ ಮುಂದೆಯೂ ನಿಲ್ಲೋಣ. ನಿನಗೆ ಹೇಳಲಾಗದಿದ್ದರೆ ನಾನು ಮೊದಲು ಹೇಳುತ್ತೇನೆ, ನೀನು ನನ್ನ ಹಿಂದೆ ಹೇಳು. ಅಪ್ಪನ ಹೆಸರು ನನಗೆ ಶಾಲೆಯ ಪುಸ್ತಕದಿಂದ ಗೊತ್ತು. ಚಳಿಗಾಲವಿಡೀ ಖಾಲಿ ಕೆಟಲಿನೊಳಗೆ ನೀನು ಅಭ್ಯಾಸ ಮಾಡಲೆಂದು ಆ ಹೆಸರನ್ನು ಕೊನೆಯ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಇಸಾಬೆಕ್.