ಕುರ್ಚಿ ನಿಂತ ಮೇಲೆ

ಕುಂದಾಣ,
9-7-2025, ಬುಧವಾರ ಸಂಜೆ

ಪ್ರೀತಿಯ ಗಂಗಾ,

ನಿನಗೂ ದಿವ್ಯಳಿಗೂ ಇನ್ನೂ ಹೆಸರಿಡದ ನಮ್ಮ ಮೊಮ್ಮಗಳಿಗೂ ಆಶೀರ್ವಾದ. ಮಗು ಸರಿಯಾಗಿ ಹಾಲು ಕುಡಿಯುತ್ತಿದೆಯೇ? ದಿವ್ಯಳ ಹೊಲಿಗೆ ಮಾಗಿತೇ? ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು ಅಂತ ಮಗಳ ಹಿಂದೆ ಬಿದ್ದಿರುತ್ತೀ, ಧಾರವಾಡದ ಗಾಳಿಗೆ ನೀನು ಮಾತ್ರ ಸೆರಗೂ ಹೊದ್ದಿರುವುದಿಲ್ಲ. ನಿನ್ನ ತಮ್ಮ ಕೆಂಪರಾಜು ಇವತ್ತಿನ ಬಸ್ಸಿಗೆ ಹೊರಟಿದ್ದಾನೆ. ತುಪ್ಪ, ಅಂಟಿನುಂಡೆಯ ಡಬ್ಬಿಯ ಜೊತೆ ಈ ಕಾಗದವನ್ನೂ ಅವನ ಕೈಗೆ ಕೊಡುತ್ತೇನೆ. ದಿನಾ ಫೋನಿನಲ್ಲಿ ಮಾತಾಡುವ ಮನುಷ್ಯ ಕಾಗದ ಯಾಕೆ ಬರೆದ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನೀನು 'ಹೆಂಗಿದ್ದೀರ?' ಅನ್ನುತ್ತೀ. 'ಚೆನ್ನಾಗಿದ್ದೀನಿ ಕಣೇ' ಅನ್ನುವುದು ನನ್ನ ಬಾಯಿಂದ ತಾನಾಗಿ ಬಂದುಬಿಡುತ್ತದೆ. ಅಷ್ಟರಲ್ಲಿ ಮಗು ಅಳುತ್ತದೆ, ನೀನು ಫೋನ್ ಇಡುತ್ತೀ.

ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನಿಲ್ಲ. ಬೆಳಿಗ್ಗೆ ಅನ್ನ ಮಾಡಿ ಸಂಜೆಗೂ ಅದನ್ನೇ ಮೊಸರು ಹಾಕಿಕೊಂಡು ತಿನ್ನುತ್ತೇನೆ. ಮೆಂತ್ಯದ ಡಬ್ಬಿ ಎಲ್ಲಿಟ್ಟಿದ್ದೀಯೋ, ಇನ್ನೂ ಸಿಕ್ಕಿಲ್ಲ. ನಿಜ ಹೇಳಬೇಕೆಂದರೆ ಗಂಗಾ, ತುಂಬಾ ದಣಿದಿದ್ದೇನೆ. ಇಪ್ಪತ್ತು ವರ್ಷ ಏರ್‌ಫೋರ್ಸಿನಲ್ಲಿ ವಿಮಾನದ ಉಪಕರಣಗಳನ್ನು ರಿಪೇರಿ ಮಾಡಿದಾಗಲೂ ಇಷ್ಟು ದಣಿದಿರಲಿಲ್ಲ. ಈಗ ಫ್ಲೈಯಿಂಗ್ ಸ್ಕೂಲಿನಲ್ಲಿ ಎರಡು ಗಂಟೆ ಪಾಠ ಮಾಡಿ ಮನೆಗೆ ಬಂದರೆ ಚಪ್ಪಲಿ ಬಿಚ್ಚಲೂ ಬೇಜಾರು. ಹೋದ ದೀಪಾವಳಿಯಲ್ಲಿ ನಾನು ಬಚ್ಚಲಲ್ಲಿ ಬಿದ್ದ ಮೇಲೆ ನೀನು ತಂದ ಬಿಪಿ ಮೆಷಿನ್ ಟಿವಿಯ ಪಕ್ಕದಲ್ಲೇ ಇದೆ. ಅದಕ್ಕೆ ದಾರ ಕಟ್ಟಿ ನೇತುಹಾಕಿದ ಪುಸ್ತಕವೂ ಇದೆ. ದಿನವೂ ಬರೆದು ಫೋಟೊ ಕಳಿಸುತ್ತಿದ್ದೇನೆ. ನೀನೂ ತಪ್ಪದೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಿಸುತ್ತೀ.

ಸ್ಕೂಲಿನ ವಿಷಯ ಹೇಳುತ್ತೇನೆ, ಕೇಳು. ಮೋಡದೊಳಗೆ ಹಾರುವುದು ಹೇಗೆ ಅನ್ನುವ ಪಾಠ ಈ ವಾರ. ಮೋಡದೊಳಗೆ ಹೋದರೆ ನೆಲ, ಆಕಾಶ ಯಾವುದೂ ಕಾಣುವುದಿಲ್ಲ. ವಿಮಾನ ನಿಧಾನವಾಗಿ ಎಡಕ್ಕೆ ವಾಲಿ ತಿರುಗುತ್ತಿದ್ದರೂ, ಸ್ವಲ್ಪ ಹೊತ್ತಾದ ಮೇಲೆ ಕಿವಿಯೊಳಗಿನ ನೀರು ಅದಕ್ಕೆ ಹೊಂದಿಕೊಂಡು, ನೆಟ್ಟಗೆ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಸರಿಮಾಡಿದರೆ ಬಲಕ್ಕೆ ಬಿದ್ದಂತಾಗಿ, ಪೈಲಟ್ ತಾನೇ ಮತ್ತೆ ಎಡಕ್ಕೆ ವಾಲಿಸಿಬಿಡುತ್ತಾನೆ. ಹಾಗೆ ಸುತ್ತುತ್ತಾ ಸುತ್ತುತ್ತಾ ನೆಲಕ್ಕೆ ಬಂದವರು ಎಷ್ಟೋ ಜನ. ಅದಕ್ಕೇ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುತ್ತೇನೆ: ಒಂದು ಮೀಟರಿನ ಮುಳ್ಳನ್ನು ನಂಬಲಾಗದಿದ್ದರೆ ಪಕ್ಕದ ಮೀಟರಿನ ಮುಳ್ಳು ನೋಡು, ಮೂರು ಮುಳ್ಳೂ ಒಂದೇ ಮಾತು ಹೇಳಿದರೆ ಸುಳ್ಳು ಹೇಳುತ್ತಿರುವುದು ನಿನ್ನ ಮೈ. ಹುಡುಗರು ನನಗೆ ಮುಳ್ಳು ಮೇಷ್ಟ್ರು ಅಂತ ಹೆಸರಿಟ್ಟಿದ್ದಾರಂತೆ. ಇಟ್ಟುಕೊಳ್ಳಲಿ.

ಇದನ್ನು ತೋರಿಸಲು ತಿರುಗುವ ಕುರ್ಚಿಯೊಂದಿದೆ. ನಿನ್ನೆ ಹೊಸಕೋಟೆಯ ಸುನಿಲ್‌ಕುಮಾರನನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ತಿರುಗಿಸಿ ನಿಲ್ಲಿಸಿದೆ. ನಿಂತ ಕುರ್ಚಿಯ ಮೇಲೆ ಕುಳಿತು 'ಸಾರ್, ಈಗ ಉಲ್ಟಾ ತಿರುಗ್ತಾ ಇದೆ, ಬೇಕಾದ್ರೆ ಬೆಟ್ಟು ಕಟ್ತೀನಿ' ಅಂತ ವಾದ ಹೂಡಿದ. ಕಣ್ಣಿನ ಬಟ್ಟೆ ಬಿಚ್ಚಿ ತೋರಿಸಿದರೂ ಒಪ್ಪಲು ಸಿದ್ಧನಿಲ್ಲ. 'ಕಣ್ಣೆದುರಿಗಿರೋದನ್ನ ನಂಬದೋನು ಜನರನ್ನ ಕೂರಿಸ್ಕೊಂಡು ಹಾರಬೇಡ ಕಣಪ್ಪ' ಅಂತ ಚೆನ್ನಾಗಿ ಬೈದೆ. ಆಗ ನಮ್ಮೂರಿನ ಬೈಲಪ್ಪನ ಮಗಳು ಕೀರ್ತನ ನಗುತ್ತಾ 'ಸಾರ್, ನೀವೊಂದ್ಸಲ ಕೂತ್ಕೊಳ್ಳಿ' ಅಂದಳು. ಹುಡುಗರ ಮುಂದೆ ಬೇಡ ಅನ್ನಲಾಗುತ್ತದೆಯೇ? ಕುಳಿತೆ. ತಿರುಗಿಸಿದರು, ನಿಲ್ಲಿಸಿದರು. ಯಾರಿಗಾದರೂ ಅರ್ಧ ನಿಮಿಷದಲ್ಲಿ ತಲೆ ನೆಟ್ಟಗಾಗುತ್ತದೆ. ನನಗೆ ಆಗಲಿಲ್ಲ. ಗೋಡೆ ತಿರುಗುತ್ತಲೇ ಇತ್ತು. ಏಳಲು ಹೋದೆ, ಎಡಗಾಲು ಮಾತು ಕೇಳಲಿಲ್ಲ. ಮೇಷ್ಟ್ರು ನಾಟಕ ಮಾಡುತ್ತಿದ್ದಾರೆ ಅಂತ ಹುಡುಗರು ಚಪ್ಪಾಳೆ ತಟ್ಟಿದರು. ಕೀರ್ತನ ಮಾತ್ರ ತಟ್ಟಲಿಲ್ಲ. ನನ್ನ ಮೊಣಕೈ ಹಿಡಿದು 'ಸಾರ್, ಕುರ್ಚಿ ನಿಂತು ಐದು ನಿಮಿಷ ಆಯ್ತು' ಅಂದಳು. 'ಏನಿಲ್ಲಮ್ಮ, ಬಿಸಿಲಿಗೆ ಹಂಗಾಯ್ತು' ಅಂದೆ. ಕ್ಲಾಸಿನೊಳಗೆ ಎಲ್ಲಿಯ ಬಿಸಿಲು? ಸುನಿಲ್‌ಕುಮಾರನನ್ನು ನಾನು ನೋಡಿದ ಹಾಗೆಯೇ ಆ ಹುಡುಗಿ ನನ್ನನ್ನು ನೋಡಿದಳು. ನನಗೆ ಬಹಳ ನಾಚಿಕೆಯಾಯಿತು.

ನೀನೇನೂ ಗಾಬರಿಯಾಗಬೇಡ, ಈಗ ಕಾಲು ಸರಿಯಾಗಿದೆ. ಮಗುವಿಗೆ ನಿನ್ನ ಅಮ್ಮನ ಹೆಸರಿಡೋಣ ಅಂತ ದಿವ್ಯ ಹೇಳಿದಳಂತೆ, ನನಗೆ ಪೂರ್ತಿ ಒಪ್ಪಿಗೆ. ಅಳಿಯಂದಿರಿಗೆ ನಾನು ಕೇಳಿದೆನೆಂದು ತಿಳಿಸು. ಮಗುವಿನ ಅಂಗಾಲಿಗೆ ನನ್ನದೊಂದು ಮುತ್ತು ಕೊಡು.

ನಿನ್ನವನೇ,
ಹನುಮಂತರಾಯಪ್ಪ

ಮರೆತ ಮಾತು: ಕೆಂಪರಾಜು ಬಸ್‌ಸ್ಟ್ಯಾಂಡಿಗೆ ಹೋಗಲು ಆಟೊ ತಂದು ಗೇಟಿನ ಹತ್ತಿರ ಹಾರನ್ ಹೊಡೆಸುತ್ತಿದ್ದಾನೆ, ಬೇಗ ಬರೆದು ಮುಗಿಸುತ್ತೇನೆ. ಪುಸ್ತಕದಲ್ಲಿ ನಾನು ಬರೆದ ಅಂಕಿಗಳು ಯಾವುವೂ ಮೆಷಿನ್ನಿನವಲ್ಲ. ನೀನು ಹೋದ ಮೂರನೆಯ ದಿನಕ್ಕೆ ಮೈ ಹಗುರ ಅನ್ನಿಸಿತು, ಮಾತ್ರೆ ಬಿಟ್ಟೆ. ಮೆಷಿನ್ ಕಟ್ಟಿಕೊಳ್ಳುವುದನ್ನೂ ಬಿಟ್ಟೆ. ಇವತ್ತು ಎಷ್ಟಿರಬೇಕು ಅನ್ನಿಸಿತೋ ಅಷ್ಟು ಬರೆದು ನಿನಗೆ ಫೋಟೊ ಕಳಿಸಿದೆ. ಹದಿನೆಂಟು ದಿನ ಹೀಗೆಯೇ ಮಾಡಿದೆ. ಈಗ ಕೀರ್ತನ ಮನೆಗೇ ಬಂದು ಎದುರಿಗೆ ಕುಳಿತು ಬಿಪಿ ನೋಡಿಸಿದಳು. ಎಡಗೈಯಲ್ಲಿ 198, ಬಲಗೈಯಲ್ಲಿ 196, ಮತ್ತೆ ಎಡಗೈಯಲ್ಲಿ 198. ಬೈಲಪ್ಪ ಕಾರು ತೆಗೆದಿದ್ದಾನೆ, ದೇವನಹಳ್ಳಿಯ ಆಸ್ಪತ್ರೆಗೆ ಈಗಲೇ ಹೊರಟಿದ್ದೇವೆ. ದಿವ್ಯಳಿಗೆ ಅಳಿಯಂದಿರ ತಾಯಿ ಇದ್ದಾರೆ, ನೀನು ಬಂದುಬಿಡು. ಈ ಕಾಗದ ಓದಿ ನೀನು ಫೋನ್ ಮಾಡುತ್ತೀ, ಚೆನ್ನಾಗಿದ್ದೀನಿ ಅಂತಲೇ ಹೇಳುತ್ತೇನೆ. ನಂಬಬೇಡ.