ಮರೆತ ಮಡಿಲಕ್ಕಿ

ತರೀಕೆರೆ
15-3-1984, ಗುರುವಾರ

ಬುಕ್ಕಾಂಬುಧಿಯಲ್ಲಿರುವ ನನ್ನ ಅವ್ವನಿಗೆ ನಿನ್ನ ದೊಡ್ಡ ಮಗಳು ದ್ಯಾಮಿ ಮಾಡುವ ನಮಸ್ಕಾರ.

ಪಾಪು, ಇದನ್ನು ಅವ್ವನಿಗೆ ನಿಧಾನವಾಗಿ, ಗಟ್ಟಿಯಾಗಿ ಓದಿ ಹೇಳು. ಅಕ್ಕನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಅಂತ ಆಡಿಕೊಳ್ಳುವುದನ್ನು ಆಮೇಲೆ ಇಟ್ಟುಕೋ. ಚಿಕ್ಕಂದಿನಲ್ಲೇ ಸ್ಕೂಲು ಬಿಟ್ಟವಳು ಈ ವಯಸ್ಸಿನಲ್ಲಿ ಮತ್ತೆ ಅ ಆ ತಿದ್ದಿ ಬರೆಯುತ್ತಿದ್ದೇನೆ, ಸ್ವಲ್ಪ ಮರ್ಯಾದೆ ಇರಲಿ.

ಅವ್ವಾ, ನೀನು ಪಾಪು ಕೈಲಿ ಬರೆಸಿದ ಕಾಗದ ಬಂತು. ಹೊಲಿಗೆ ಮಷಿನ್ನಿನ ಮುಂದೆ ಕೂತು ಎರಡು ಸಲ ಓದಿದೆ. ಸೋಮವಾರ ಊರ ಕಟ್ಟೆಯ ಮೇಲೆ ನ್ಯಾಯ ಸೇರುತ್ತದೆ, ಪಂಚನಹಳ್ಳಿಯ ತಿಮ್ಮಪ್ಪಮಾವ ಎಲ್ಲರೆದುರು ಕೈ ಮುಗಿಯುತ್ತಾನೆ, ನಾನು ದೇವರ ಮುಂದೆ ತೆಂಗಿನಕಾಯಿ ಇಟ್ಟು ತಪ್ಪು ಕಾಣಿಕೆ ಒಪ್ಪಿಸಿದರೆ ಮತ್ತೆ ಮನೆಯೊಳಗೆ ಸೇರಿಸಿಕೊಳ್ಳುತ್ತಾರೆ ಅಂತ ಬರೆಸಿದ್ದೀಯ. ಬೊಂಬಾಯಿಯಲ್ಲಿ ಗಂಡು ಇದ್ದಾನೆ, ಅಲ್ಲೇ ಗುಡಿಯಲ್ಲಿ ತಾಳಿ ಕಟ್ಟಿಸುತ್ತೇನೆ ಅಂತ ಹನ್ನೊಂದು ವರ್ಷದ ಹಿಂದೆ ನನ್ನನ್ನು ಕರೆದುಕೊಂಡು ಹೋಗಿ ಮಾರಿದವನು ಅವನು. ತಪ್ಪು ಕಾಣಿಕೆ ಇಡಬೇಕಾದವಳು ಮಾತ್ರ ನಾನು. ಕೋತಿ ಮೊಸರು ತಿಂದು ಮೇಕೆ ಮೂತಿಗೆ ಒರೆಸಿತಂತೆ. ನಮ್ಮೂರ ದೊಡ್ಡವರಿಗೆ ಈ ಗಾದೆ ಗೊತ್ತಿಲ್ಲ ಅಂತಲ್ಲ, ಅವರಿಗೆ ಮೇಕೆ ಸಿಕ್ಕಿದರೆ ಸಾಕು.

ಅದನ್ನಾದರೂ ನುಂಗಿಕೊಂಡೇನು. ಕಾಗದದ ಕೊನೆಯ ಮಾತನ್ನು ಮಾತ್ರ ನುಂಗಲಾರೆ. ನನ್ನ ಕಥೆ ಕೇಳಿದ ಮೇಲೆ ಈ ಸುತ್ತಿನಲ್ಲಿ ಯಾರೂ ಪಾಪುವನ್ನು ಕೇಳಿಕೊಂಡು ಬರುವುದಿಲ್ಲವಂತೆ. ಅದಕ್ಕೆ ಪ್ರಾಯಶ್ಚಿತ್ತವಾಗಿ ಅವಳ ಮದುವೆಯನ್ನು ತಿಮ್ಮಪ್ಪನೇ ಮಾಡಿಸುತ್ತಾನಂತೆ. ನ್ಯಾಯ ಮುಗಿದ ಕೂಡಲೇ ಅವನ ಕಾಯಿ ಲಾರಿಯಲ್ಲೇ ಪೂನಾಕ್ಕೆ ಕರೆದುಕೊಂಡು ಹೋಗುತ್ತಾನಂತೆ, ಕಟ್ಟೆಯವರೆಲ್ಲ ಭೇಷ್ ಅಂದರಂತೆ. ಕುರಿ ತಿಂದ ತೋಳಕ್ಕೆ ಶಿಕ್ಷೆ ಏನಪ್ಪಾ ಅಂದರೆ ಇನ್ನೊಂದು ಕುರಿ ಕಾಯಬೇಕು! ಆ ಸಾಲು ಬರೆದದ್ದು ಪಾಪುವೇ ಅಲ್ಲವೇ ಅವ್ವಾ? ಅದೊಂದು ಸಾಲು ಮಾತ್ರ ಓರೆಯಾಗಿತ್ತು.

ಹೋದ ತಿಂಗಳು ಇಲ್ಲಿ ನಡೆದದ್ದನ್ನು ನಿನಗೆ ಹೇಳಬೇಕು. ಬೊಂಬಾಯಿಯಿಂದ ಬಂದ ಮೇಲೆ ನಾನಿರುವ ಮನೆ ನಡೆಸುವ ಜಯಲಕ್ಷ್ಮಮ್ಮ ಮೇಡಮ್ಮು ಮೊದಲು ಸ್ಕೂಲಿನಲ್ಲಿ ಟೀಚರಾಗಿದ್ದವರು. ನನ್ನಂಥ ಹೆಂಗಸರಿಗೆ ಜಾಗ ಕೊಟ್ಟು ಹೊಲಿಗೆ ಕಲಿಸುತ್ತಾರೆ. ಕೇಸು ಹಾಕುವುದಾದರೆ ಜೊತೆಗೆ ಬರುತ್ತೇನೆ, ಬೇಡ ಅಂದರೆ ಬೇಡ, ಇನ್ನೊಂದು ದಾರಿಯೂ ಇದೆ ಅಂದರು. ಕೆಟ್ಟದ್ದು ಮಾಡಿದವನನ್ನು ಎದುರಿಗೆ ಕೂರಿಸಿ ನಾನೇ ಕೇಳುವುದು. ಅವನು ನಿಜ ಹೇಳಬೇಕು. ಕೆಟ್ಟದ್ದನ್ನು ಅವನು ಹೇಗೆ ಸರಿಮಾಡಬೇಕು ಅನ್ನುವುದನ್ನು ನಾನು ಹೇಳಬೇಕು, ಕಟ್ಟೆಯಲ್ಲ. ಕ್ಷಮಿಸು ಅಂತ ನನ್ನನ್ನು ಯಾರೂ ಕೇಳುವ ಹಾಗಿಲ್ಲ. ಸಾಕು ಅನ್ನಿಸಿದರೆ ನಾನು ಎದ್ದು ಹೋಗಬಹುದು.

ಕೋರ್ಟೋ ನನ್ನೆದುರಿನ ಕುರ್ಚಿಯೋ, ಆರಿಸಿಕೋ ಅಂತ ಅವನಿಗೆ ಹೇಳಿ ಕಳಿಸಿದೆ. ತಿಮ್ಮಪ್ಪ ಬಂದ, ಪಟೇಲರ ಮಗ ಚನ್ನಬಸಪ್ಪನನ್ನು ಜೊತೆಗೆ ಕಟ್ಟಿಕೊಂಡು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಮೇಡಮ್ಮು ಮೂರು ಕುರ್ಚಿ ಹಾಕಿಸಿದ್ದರು. ಒಂದು ನನಗೆ, ಒಂದು ಅವನಿಗೆ, ಇನ್ನೊಂದು ಉತ್ತರ ಕೊಡಬೇಕಾದವರು ಬೇರೆ ಯಾರಾದರೂ ಇದ್ದರೆ ಅವರಿಗೆ. ಚನ್ನಬಸಪ್ಪ ಅದರಲ್ಲಿ ಕೂರಲು ಹೋದ. ನಿನ್ನನ್ನು ಯಾರೂ ಏನೂ ಕೇಳಿಲ್ಲ, ನಿಂತುಕೋ ಅಂದೆ. ನಿಂತೇ ಇದ್ದ ಪಾಪ, ಕಾಲು ನೋವು ಬಂದಿರಬೇಕು.

ನಾನು ಎರಡೇ ಮಾತು ಕೇಳಿದೆ. ನನ್ನ ಜೊತೆ ಇನ್ನೂ ಯಾರ್ಯಾರನ್ನು ಕರೆದುಕೊಂಡು ಹೋಗಿದ್ದೆ, ಅವರ ಹೆಸರು ಹೇಳು ಅಂದೆ. ತಲೆ ಕೆರೆದುಕೊಂಡು, "ಹೆಸ್ರೆಲ್ಲಿ ನೆಪ್ಪಿರ್ತಾವೆ ಕಣವ್ವ, ಕಾಯಿ ಲೋಡ್ ಇದ್ದಂಗೆ, ಒಂದ್ ಇಳೀತದೆ ಇನ್ನೊಂದ್ ಹತ್ತತದೆ" ಅಂದ. ಕೆಟ್ಟ ಮಾತು ಆಡುತ್ತಿದ್ದೇನೆ ಅನ್ನುವುದೂ ಅವನಿಗೆ ತಿಳಿಯಲಿಲ್ಲ. ಎರಡನೆಯ ಮಾತಿಗೂ ಉತ್ತರ ಕೊಟ್ಟ. ಅದನ್ನು ಕಾಗದದಲ್ಲಿ ಬರೆಯಲಾರೆ, ನೀನು ಬಂದಾಗ ಕೂತು ಮಾತಾಡೋಣ.

ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ ತಂಗೀನೂ ಥೇಟ್ ನಿನ್ನಂಗೇ ಬೆಳ್ದವ್ಳೆ ಕಣೇ" ಅಂದ. ಆಗ ಅದು ಬರೀ ಮಾತು ಅಂದುಕೊಂಡಿದ್ದೆ. ನಿನ್ನ ಕಾಗದ ಬಂದ ಮೇಲೆ ರಸ್ತೆಯಲ್ಲಿ ಲಾರಿ ಹಾರನ್ ಹೊಡೆದರೆ ಎದ್ದು ನಿಲ್ಲುತ್ತೇನೆ.

ನಾನು ಹೊರಟ ದಿನವೂ ಕೆರೆ ಏರಿಯ ಮೇಲೆ ಲಾರಿ ಹೀಗೇ ಹಾರನ್ ಹೊಡೆಯುತ್ತಿತ್ತು, ನೆನಪಿದೆಯಾ? ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಎಲ್ಲಾ ಮೊರದಲ್ಲಿ ಜೋಡಿಸಿದ್ದೆ ನೀನು. ನಾನು ಸೆರಗು ಒಡ್ಡಿ ನಿಂತೆ. ನೀನು ಮೊರ ಹಿಡಿದುಕೊಂಡು ನನ್ನ ತನಕ ಬಂದೆ, ನಿಂತೆ, ಮತ್ತೆ ಒಳಗೆ ಹೋದೆ. ನಾನು ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿ ಹತ್ತಿದೆ. ಬಾಣಂತನ ಮುಗಿಸಿ ಹೋಗುವ ಪಕ್ಕದ ಮನೆ ಹುಡುಗಿಯನ್ನೂ ಬರಿ ಮಡಿಲಲ್ಲಿ ಕಳಿಸದ ಕೈ ನಿನ್ನದು. ಗಡಿಬಿಡಿಯಲ್ಲಿ ಅವ್ವ ಮರೆತಳು ಅಂದುಕೊಂಡೆ. ಬೊಂಬಾಯಿಯಲ್ಲಿ ಇದ್ದಷ್ಟು ದಿನವೂ ಹಾಗೇ ಅಂದುಕೊಂಡೆ. ಊರಿಗೆ ಹೋದಾಗ ಅವ್ವ ಮಡಿಲು ತುಂಬಬೇಕು, ಅದೊಂದು ಬಾಕಿ ಇದೆ ಅಂತ ಅಲ್ಲಿಯ ಹುಡುಗಿಯರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಈಗ ನಾನು ಕೇಳುವುದು ಒಂದೇ. ಪಾಪುವನ್ನು ಅವನ ಜೊತೆ ಕಳಿಸಬೇಡ. ಮೇಡಮ್ಮು ಇಲ್ಲಿ ಒಬ್ಬ ವಕೀಲರನ್ನು ಕೇಳಿ ನೋಡಿದರು. ತಾಯಿಯೇ ಒಪ್ಪಿ ಕಳಿಸುವ ಮದುವೆ, ಏನೂ ನಡೆಯುವುದಕ್ಕೆ ಮುಂಚೆ ಏನು ಅಂತ ದೂರು ಕೊಡುತ್ತೀರಿ ಅಂತ ಅವರು ಕೈ ಚೆಲ್ಲಿದರು. ನ್ಯಾಯಕ್ಕೆ ಮುಂಚೆ ನಾನು ಊರೊಳಗೆ ಕಾಲಿಟ್ಟರೆ ನಿಮ್ಮನ್ನೂ ಹೊರಗಿಡುತ್ತಾರೆ ಅಂತ ನೀನೇ ಬರೆಸಿದ್ದೀಯ. ಆದ್ದರಿಂದ ಭಾನುವಾರ ಬೆಳಿಗ್ಗೆ ನಾನೂ ಮೇಡಮ್ಮೂ ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇವೆ. ಪಾಪುವನ್ನು ಕರೆದುಕೊಂಡು ನೀನೇ ಬಾ. ಇಬ್ಬರೂ ನನ್ನ ಜೊತೆ ತರೀಕೆರೆಗೆ ಬನ್ನಿ. ಮೂರನೆಯ ಕುರ್ಚಿ ಇನ್ನೂ ಖಾಲಿ ಇದೆ ಅವ್ವಾ. ಅದರಲ್ಲಿ ಕೂತವರನ್ನು ಇಲ್ಲಿ ಯಾರೂ ಬೈಯುವುದಿಲ್ಲ. ನನಗೂ ನಿನಗೂ ಕಟ್ಟೆ ಬೇಡ, ಚನ್ನಬಸಪ್ಪ ಬೇಡ, ತಪ್ಪು ಕಾಣಿಕೆಯೂ ಬೇಡ. ನಾನು ಕೇಳುತ್ತೇನೆ, ನೀನು ಹೇಳುತ್ತೀಯ. ಆಮೇಲೆ ನಾನೇ ಮುದ್ದೆ ಮಾಡಿ ಬಡಿಸುತ್ತೇನೆ.

ನನಗೆ ನಿನ್ನನ್ನು ನೋಡಬೇಕು. ಸಿಟ್ಟಿದ್ದರೂ ನೋಡಬೇಕು.

ಇಂತಿ, ಅಜ್ಜಂಪುರದಲ್ಲಿ ದಾರಿ ಕಾಯುವ ನಿನ್ನ ಮಗಳು,
ದ್ಯಾಮಿ

ಹಾಳೆಯ ಹಿಂಬದಿ:

ಪಾಪು, ಇದು ನಿನಗೊಬ್ಬಳಿಗೇ. ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿ "ಮುಗೀತು ಕಣವ್ವಾ" ಅನ್ನು. ಮುಖ ಸರಿಯಾಗಿಟ್ಟುಕೋ.

ನಾನು ತಿಮ್ಮಪ್ಪನನ್ನು ಕೇಳಿದ ಎರಡನೆಯ ಮಾತು, ನನ್ನನ್ನು ಬಿಟ್ಟು ಒಬ್ಬನೇ ಊರಿಗೆ ಹೋದೆಯಲ್ಲ, ಅವ್ವನಿಗೆ ಏನು ಹೇಳಿದೆ ಅಂತ. "ಏನ್ ಹೇಳೋದು? ನಿಮ್ಮವ್ವಂಗೆ ಮೊದ್ಲೇ ಗೊತ್ತಿತ್ತು" ಅಂದ. ಸುಳ್ಳ ಅಂತ ಚಪ್ಪಲಿ ಕೈಗೆ ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಮೊರ ಕಣ್ಣ ಮುಂದೆ ಬಂತು, ಕೈ ಇಳಿಯಿತು. ಅವ್ವ ಯಾರ ಹತ್ತಿರ ಬೇಕಾದರೂ ಸುಳ್ಳು ಹೇಳಿಯಾಳು, ಅಕ್ಕಿ ಹಿಡಿದ ಕೈಯಲ್ಲಿ ಸುಳ್ಳು ಅವಳಿಗೆ ಬರುವುದಿಲ್ಲ. ಗಂಡನ ಮನೆಗೆ ಹೋಗುವವಳಿಗೆ ಇಡುವ ಅಕ್ಕಿ ಅದು. ಅವಳು ಮರೆತಿರಲಿಲ್ಲ ಪಾಪು. ಯಾಕೆ ಹಾಗೆ ಮಾಡಿದಳು ಅಂತ ತಿಮ್ಮಪ್ಪನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಉತ್ತರಕ್ಕೇ ಆ ಕುರ್ಚಿ.

ಭಾನುವಾರ ಅವಳು ನಿನ್ನನ್ನು ಕರೆದುಕೊಂಡು ಬಂದರೆ ಸರಿ. ಬರದಿದ್ದರೆ ಸೋಮವಾರ ಜಗಳ ಮಾಡಬೇಡ, ಒಪ್ಪಿದವಳ ಹಾಗೆ ತಲೆ ಬಾಚಿಕೊಂಡು ಅವ್ವನ ಮುಂದೆ ಸೆರಗು ಒಡ್ಡಿ ನಿಲ್ಲು. ಅವಳ ಕೈ ನೋಡು. ಸೆರಗು ಖಾಲಿ ಬಿಟ್ಟರೆ ಹಿತ್ತಿಲಿಗೆ ಹೋಗಿ ಬರುತ್ತೇನೆ ಅಂತ ಹೇಳಿ ಏರಿಯ ಕೆಳಗಿನ ದಾರಿ ಹಿಡಿ. ತೂಬಿನ ಹತ್ತಿರ ಡ್ರೈವರ್ ಬೀರಯ್ಯ ಬಸ್ಸು ನಿಲ್ಲಿಸಿಕೊಂಡಿರುತ್ತಾನೆ, ಮೇಡಮ್ಮು ಅವನಿಗೆ ಹೇಳಿಟ್ಟಿದ್ದಾರೆ, ಹಿಂದಿನ ಸೀಟಿನಲ್ಲಿ ನಾನೇ ಇರುತ್ತೇನೆ.

ಮಡಿಲು ತುಂಬಿದರೂ ಲಾರಿ ಹತ್ತಬೇಡ, ಅದೇ ದಾರಿ. ಆದರೆ ಅಕ್ಕಿ ಚೆಲ್ಲದ ಹಾಗೆ ಸೆರಗು ಗಟ್ಟಿಯಾಗಿ ಹಿಡಿದುಕೊಂಡು ಬಾ. ಅದರಲ್ಲಿ ಒಂದು ಹಿಡಿ ನನ್ನ ಸೆರಗಿಗೂ ಹಾಕು.