ಒಲೆ ಹಚ್ಚದೆ ಮಾಡಿದ ಸಿಹಿ

ನವೆಂಬರ್ ೯, ಭಾನುವಾರ

ಪ್ರೀತಿಯ ಅಕ್ಕ,

ನಿನಗೂ ಭಾವನಿಗೂ ನಮಸ್ಕಾರ. ನಿನ್ನ ಎರಡು ಕಾಗದವೂ ಬಂದು ಸೇರಿವೆ. ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರಬೇಡ. ಫೋನು ಮಾಡಿದಾಗಲೂ "ಆಮೇಲೆ ಮಾತಾಡ್ತೀನಿ" ಅಂತ ಇಟ್ಟುಬಿಡುತ್ತಿದ್ದೆ. ನಿನ್ನ ದನಿ ಕೇಳಿದರೆ ಅಳು ಬರುತ್ತೆ, ಅದಕ್ಕೆ. ಕಾಗದದಲ್ಲಾದರೆ ಅತ್ತರೂ ನಿನಗೆ ಕೇಳಿಸುವುದಿಲ್ಲ.

ಜ್ವರ ಬಂದಿತ್ತು ಅಂತ ಹೇಳಿದ್ದೆನಲ್ಲ. ಜ್ವರ ಹೋಯಿತು. ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಯಾವ ವಾಸನೆಯೂ ಗೊತ್ತಾಗುವುದಿಲ್ಲ. ಸೋಪು, ಸೀಮೆಎಣ್ಣೆ, ಹೂವು, ಒಣಗದ ಬಟ್ಟೆ ಎಲ್ಲ ಒಂದೇ, ಅಂದರೆ ಏನೂ ಇಲ್ಲ. ನಾಲಿಗೆ ಮಾತ್ರ ಉಪ್ಪು ಅನ್ನುತ್ತೆ, ಸಿಹಿ ಅನ್ನುತ್ತೆ, ಕಹಿ ಅನ್ನುತ್ತೆ. ಯಾವುದರ ಸಿಹಿ ಅಂತ ಕೇಳಿದರೆ ಅದಕ್ಕೂ ಗೊತ್ತಿಲ್ಲ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ನನಗೆ ಅನ್ನ ಹಾಕುತ್ತಿದ್ದದ್ದೇ ಈ ಮೂಗು. ನಮ್ಮ ಬಿಸ್ಕತ್ತು ಕಾರ್ಖಾನೆಯ ರುಚಿ ನೋಡುವ ಕೋಣೆ ನೀನು ನೋಡಿಲ್ಲ. ಭಟ್ಟಿಗಳ ಹಿಂದೆ ಒಂದು ಬಿಳಿ ಕೋಣೆ, ತೆರೆಯದ ಕಿಟಕಿ, ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಬೆಚ್ಚಗಿನ ನೀರಿನ ಲೋಟ. ಪೌಡರ್ ಹಾಕಿಕೊಂಡು ಬರುವಂತಿಲ್ಲ, ಮಧ್ಯಾಹ್ನ ಈರುಳ್ಳಿ ತಿನ್ನುವಂತಿಲ್ಲ. ಭಟ್ಟಿಯಿಂದ ಇಳಿದ ಬಿಸ್ಕತ್ತನ್ನು ಮೊದಲು ಕಿವಿಯ ಹತ್ತಿರ ಮುರಿಯಬೇಕು, ಆಮೇಲೆ ಮೂಗಿಗೆ ಹಿಡಿಯಬೇಕು, ಕೊನೆಗೆ ಬಾಯಿಗೆ. ಹಿಟ್ಟು ಹಳತಾಗಿದೆಯೋ, ಬೆಣ್ಣೆ ಮುಗ್ಗಿದೆಯೋ, ಬೆಂಕಿ ಚೂರು ಹೆಚ್ಚಾಗಿದೆಯೋ ಹೇಳುವುದು ನಮ್ಮ ಕೆಲಸ. ಹೊಸದಾಗಿ ಸೇರಿದಾಗ ನೀನೇ ನಗುತ್ತಿದ್ದೆ, "ಎಲ್ಲರ ವಿಷಯದಲ್ಲೂ ಮೂಗು ತೂರಿಸ್ತಿದ್ದವಳಿಗೆ ಈಗ ಅದಕ್ಕೇ ಸಂಬಳ" ಅಂತ.

ಜ್ವರ ಬಿಟ್ಟು ಕೆಲಸಕ್ಕೆ ಹೋದ ದಿನವೇ ನಮ್ಮ ಮೇಲ್ವಿಚಾರಕಿಗೆ ಹೇಳಿಬಿಟ್ಟೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ ಅವಳನ್ನು ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುವುದು. ಅವಳು ನಂಬಲಿಲ್ಲ. ನನ್ನ ಮುಂದೆ ಎರಡು ಬಿಸ್ಕತ್ತು ಇಟ್ಟಳು.

"ವ್ಯತ್ಯಾಸ ಹೇಳಿ."

ಮುರಿದೆ, ಮೂಸಿದೆ, ಜಗಿದೆ. "ಎರಡೂ ಒಂದೇ" ಅಂದೆ.

"ಒಂದರಲ್ಲಿ ವೆನಿಲ್ಲಾನೇ ಹಾಕಿಲ್ಲ" ಅಂದಳು ಮೆಲ್ಲಗೆ. ಪಾಪ, ಆಮೇಲೆ ತಾನೇ ನೀರಿನ ಲೋಟ ನನ್ನ ಕಡೆ ಸರಿಸಿದಳು. ಮಾರನೆಯ ದಿನದಿಂದ ನಾನು ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ತಲೆಗೆ ಟೋಪಿ, ಕೈಗೆ ಗವಸು, ಮುಂದೆ ಓಡುವ ಪಟ್ಟಿ. ಮುರಿದ ಬಿಸ್ಕತ್ತು ಎತ್ತಿ ಬುಟ್ಟಿಗೆ ಹಾಕಬೇಕು, ಅಷ್ಟೇ. ಆ ಮುರುಕಲುಗಳನ್ನು ನಮಗೇ ಚೀಲಗಟ್ಟಲೆ ಕೊಡುತ್ತಾರೆ. ಮನೆಯ ಡಬ್ಬಗಳೆಲ್ಲ ತುಂಬಿ, ಈಗ ಬಟ್ಟೆ ಬೀರುವಿನ ಮೇಲೂ ಬಿಸ್ಕತ್ತೇ.

ಡಾಕ್ಟರು "ಬರಬಹುದು, ಬರದೇನೂ ಇರಬಹುದು" ಅಂದರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕೆ ಅಂತ ಅತ್ತೆ ಕೇಳಿದರು. ಲವಂಗ, ನಿಂಬೆ ಸಿಪ್ಪೆ, ಕಾಫಿಪುಡಿ ದಿನಾ ಬೆಳಿಗ್ಗೆ ಮೂಸಿ ಅಂದಿದ್ದಾರೆ. ಕಿವುಡರು ಬಾಗಿಲಿಗೆ ಕಿವಿಗೊಟ್ಟ ಹಾಗೆ ಮೂಸುತ್ತೇನೆ.

ಇನ್ನು ಗ್ಯಾಸಿನ ವಿಷಯ. ಅತ್ತೆ ನಿನ್ನ ಹತ್ತಿರ ಫೋನಿನಲ್ಲಿ ಏನೇನೋ ಹೇಳಿ ಹೆದರಿಸಿದರಂತೆ. ನಡೆದದ್ದು ಇಷ್ಟು. ಹಾಲು ಉಕ್ಕಿ ಒಲೆ ಆರಿದೆ, ನನಗೆ ಗೊತ್ತಾಗಿಲ್ಲ. ಅಲ್ಲೇ ಪಕ್ಕದಲ್ಲಿ ನಿಂತು ತರಕಾರಿ ಹೆಚ್ಚುತ್ತಿದ್ದೇನೆ. ಅತ್ತೆ ಮುಂದಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದವರು ವಾಸನೆಗೆ ಎದ್ದು, ಗೋಡೆ ಹಿಡಿದುಕೊಂಡು ಬಂದು ಗ್ಯಾಸು ನಿಲ್ಲಿಸಿ ಕಿಟಕಿ ತೆಗೆದರು. "ನಿನ್ನ ಮೂಗಿನ ಕೆಳಗೇ ಅಲ್ಲವೇನೇ" ಅಂದವರು, ಅಂದಮೇಲೆ ತಾವೇ ಬಾಯಿ ಮೇಲೆ ಕೈ ಇಟ್ಟುಕೊಂಡರು.

ನಮ್ಮ ಮನೆಯವರಿಗೆ ವಿಷಯ ತಿಳಿಯಿತು. ಬೈಯಲಿಲ್ಲ, ಕೂಗಾಡಲಿಲ್ಲ. ಮಾರನೆಯ ಬೆಳಿಗ್ಗೆ ಒಲೆಯ ಗುಂಡಿಗಳನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ತಮ್ಮ ಪುಸ್ತಕದ ಬೈಂಡಿಂಗ್ ಅಂಗಡಿಗೆ ಹೊರಟುಬಿಟ್ಟರು. ಯೋಚನೆ ಮಾಡು ಅಕ್ಕ. ಮದುವೆಯಾದಾಗಿನಿಂದ ಆ ಒಲೆಯ ಮುಂದೆ ನಿಂತವಳು ನಾನು. ಇವರಿಗೆ ನೀರು ಕಾಯಿಸಿದರೂ ತಳ ಹತ್ತುತ್ತೆ. ಈಗ ಒಂದು ಲೋಟ ಚಹಾಕ್ಕೂ ಗಂಡನ ಜೇಬಿನ ದಾರಿ ಕಾಯಬೇಕು. ಸಂಜೆ ಬಂದ ಮೇಲೆ ಗುಂಡಿ ಸಿಕ್ಕಿಸಿ, ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಪರೀಕ್ಷೆ ಕೋಣೆಯ ಮೇಷ್ಟರ ಹಾಗೆ ಕೂರುತ್ತಿದ್ದರು. ನಾನು ಮಾತು ಬಿಟ್ಟೆ. ಊಟವೂ ಹಾಗೆಯೇ ಬಿಟ್ಟುಹೋಯಿತು. ಬಾಯಿಗೆ ಏನಿಟ್ಟರೂ ಒದ್ದೆ ಹತ್ತಿ ಜಗಿದಂತಾಗುವಾಗ ಯಾಕೆ ತಿನ್ನಬೇಕು ಹೇಳು. ನೀನು ಕಳಿಸಿದ ಆ ನೀಲಿ ಲಂಗಕ್ಕೆ ಈಗ ಪಿನ್ನು ಹಾಕಿಕೊಳ್ಳಬೇಕು.

ಇಷ್ಟರಲ್ಲಿ ಇವರ ಅಂಗಡಿಗೆ ಒಬ್ಬ ಮುದುಕರು ಬಂದಿದ್ದರಂತೆ. ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು, ಹರಿದ ನಿಘಂಟಿಗೆ ರಟ್ಟು ಹಾಕಿಸಲು ಬಂದದ್ದು. ನನ್ನ ಗಂಡ ಅವರ ಮುಂದೆ ಮನೆಯ ಕಥೆಯನ್ನೆಲ್ಲ ಬಿಚ್ಚಿದ್ದಾರೆ. ಮನೆಯಲ್ಲಿ ತುಟಿ ಬಿಚ್ಚದವರು ಗಿರಾಕಿಗಳ ಹತ್ತಿರ ಎದೆಯನ್ನೇ ಬಿಚ್ಚುತ್ತಾರೆ. ಆ ಮುದುಕರು ಹೇಳಿದರಂತೆ, "ಒಲೆ ಹಚ್ಚೋದೇ ಬೇಡ. ಇಟಲಿ ಕಡೆಯದೊಂದು ಸಿಹಿ ಇದೆ, ಚಾಕೊಲೇಟ್ ಸಲಾಮಿ ಅಂತ. ಮುರಿದ ಬಿಸ್ಕತ್ತು ಇದ್ದರೆ ಅರ್ಧ ಕೆಲಸ ಆದ ಹಾಗೆ." ಮುರಿದ ಬಿಸ್ಕತ್ತು ಅಂದದ್ದೇ ತಡ, ಇವರಿಗೆ ನಮ್ಮ ಬೀರು ನೆನಪಾಗಿದೆ.

ಕಳೆದ ಭಾನುವಾರ ಸಾಮಾನಿನ ಚೀಲ ಮೇಜಿನ ಮೇಲಿಟ್ಟು ತೋಳು ಮಡಿಸಿದರು. ಕಡು ಚಾಕೊಲೇಟಿನ ಗಟ್ಟಿಗಳು, ಬೆಣ್ಣೆ, ಕೋಕೋ ಪುಡಿ, ಸಕ್ಕರೆ. ಅತ್ತೆ ಸಲಾಮಿ ಅಂದರೆ ಏನು ಅಂತ ಕೇಳಿದರು.

"ಮಾಂಸದ ಉದ್ದನೆ ಉಂಡೆ ಅಮ್ಮ. ತೆಳ್ಳಗೆ ಕೊಯ್ದು ತಿಂತಾರೆ."

"ಸಿಹಿ ಅಂದೆಯಲ್ಲೋ."

"ನೋಡೋಕೆ ಮಾತ್ರ ಹಾಗಿರುತ್ತೆ. ಕೊಯ್ದಾಗ ಬಿಸ್ಕತ್ತಿನ ಚೂರು ಬಿಳಿ ಬಿಳಿ ಕಾಣುತ್ತಲ್ಲ, ಕೊಬ್ಬಿನ ಹಾಗೆ."

"ಸುಳ್ಳು ಹೇಳೋಕೆ ಅದು ಅಷ್ಟು ದೂರದಿಂದ ಬರಬೇಕಿತ್ತಾ" ಅಂದರು ಅತ್ತೆ. ನನಗೆ ನಗು ಬಂತು. ತೋರಿಸಲಿಲ್ಲ.

ನಾನು ಸೋಫಾದಲ್ಲಿ ಕೂತು ನೋಡುತ್ತಿದ್ದೆ. ಇವರು ಅಂಗಡಿಯಿಂದ ತಂದಿದ್ದ ಕರೆಂಟಿನ ಕೆಟಲಿನಲ್ಲಿ ನೀರು ಕಾಯಿಸಿ, ಪಾತ್ರೆಗೆ ಸುರಿದು, ಅದರ ಮೇಲೆ ಬಟ್ಟಲಿಟ್ಟು ಚಾಕೊಲೇಟು ಕರಗಿಸಲು ಹೊರಟರು. ಆಮೇಲೆ ಬಿಸ್ಕತ್ತಿನ ಚೀಲಕ್ಕೆ ಬಂದರು. ಕೈಗೆ ಸಿಕ್ಕ ಚೀಲ ತೆಗೆದು, ಬಟ್ಟೆಯಲ್ಲಿ ಕಟ್ಟಿ, ಲಟ್ಟಣಿಗೆಯಿಂದ ಕುಟ್ಟಿದ್ದೇ ಕುಟ್ಟಿದ್ದು. ಸದ್ದು ಕೇಳಿಯೇ ನನಗೆ ಗೊತ್ತಾಯಿತು, ಒಳಗಿರುವುದು ಕ್ರೀಮ್ ಬಿಸ್ಕತ್ತು. ದಪ್ ದಪ್ ಅನ್ನುತ್ತಿತ್ತು, ಮಣ್ಣಿನ ಮೇಲೆ ನಡೆದ ಹಾಗೆ.

ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಾನಾಗಿ ಬಾಯಿ ಬಿಟ್ಟೆ.

"ಅದಲ್ಲ. ಅದು ಚಾಕೊಲೇಟಲ್ಲಿ ಕರಗಿ ಕೆಸರಾಗುತ್ತೆ. ಬೀರುವಿನ ಮೇಲೆ ಎಡಗಡೆ ಚೀಲ ತೆಗೀರಿ."

ಸ್ಟೂಲು ಹತ್ತಿ ತೆಗೆದರು. ಅದು ಚಹಾದ ಜೊತೆ ತಿನ್ನುವ ಸಾದಾ ಗಟ್ಟಿ ಬಿಸ್ಕತ್ತು. ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿದೆ. ಚಟಕ್ ಅಂತ ಒಂದೇ ಏಟಿಗೆ ಮುರಿಯಿತು. ಅದೇ ಸದ್ದು, ಅದೇ ಬಿಳಿ ಕೋಣೆಯದ್ದು. ಆ ಕೆಲಸದಲ್ಲಿ ಕಿವಿಯ ಪಾಲು ಇನ್ನೂ ನನ್ನ ಹತ್ತಿರವೇ ಇದೆ ಅಂತ ಆಗ ಹೊಳೆಯಿತು.

"ಕುಟ್ಟಬೇಡಿ, ಕೈಯಲ್ಲೇ ಮುರೀರಿ. ಉಗುರಿನಷ್ಟು ಇರಲಿ. ಪುಡಿ ಆದರೆ ಹಲ್ಲಿಗೆ ಏನೂ ಸಿಗಲ್ಲ."

ಅಷ್ಟರಲ್ಲಿ ಬಟ್ಟಲಿನೊಳಗೆ ಬಿಸಿನೀರು ಸಿಡಿದು, ಕರಗಿದ್ದ ಚಾಕೊಲೇಟು ಮರಳಿನ ಹಾಗೆ ಗಂಟುಗಂಟಾಯಿತು. ಇವರ ಮುಖ ನೋಡಬೇಕಿತ್ತು. ಎಸೆದುಬಿಡಲೇ ಅಂದರು. ನಾನು ಬಿಸ್ಕತ್ತಿನವಳು, ಚಾಕೊಲೇಟು ನನ್ನ ವಿಭಾಗ ಅಲ್ಲ. ಆದರೆ ಆ ವಿಭಾಗದವರು ಊಟದ ಹೊತ್ತಿನಲ್ಲಿ ಇದನ್ನೇ ಗೋಳಾಡುತ್ತಾರೆ. ಹಾಲಿನ ಲೋಟವನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಚೂರು ಚೂರೇ ಹಾಕಿ ಕಲಕುತ್ತ ಹೋದೆ. ಗಂಟು ಬಿಟ್ಟುಕೊಂಡಿತು, ಹೊಳಪು ಬಂತು. ಬೆಣ್ಣೆಯನ್ನು ಸಕ್ಕರೆ, ಕೋಕೋ ಜೊತೆ ತಿಕ್ಕಿ, ಅದಕ್ಕೆ ಚಾಕೊಲೇಟು ಸುರಿದು, ಕೊನೆಗೆ ಬಿಸ್ಕತ್ತು. ಹಸಿ ಮೊಟ್ಟೆ ಹಾಕುವವರೂ ಇದ್ದಾರಂತೆ, ನಾವು ಹಾಕಲಿಲ್ಲ.

ರುಚಿ ನೋಡುವುದಕ್ಕೆ ಅತ್ತೆಗೆ ಚಮಚ ಕೊಟ್ಟೆ. ಅವರು ಕಣ್ಣು ಮುಚ್ಚಿ ಚಪ್ಪರಿಸಿದರು.

"ಚೆನ್ನಾಗಿದೆ."

"ಚೆನ್ನಾಗಿದೆ ಅಂದರೆ ಆಗಲ್ಲ ಅತ್ತೆ. ಮೊದಲು ಏನು ಬಂತು, ಆಮೇಲೆ ಏನು ಬಂತು ಹೇಳಿ."

"ಮೊದಲು ಸಿಹಿ. ಆಮೇಲೆ ಕಹಿ. ಆಮೇಲೆ ಏನೋ ಕಡಿಮೆ ಅನ್ನಿಸ್ತು. ಮಾತಾಡ್ತಾ ಮಾತಾಡ್ತಾ ಎದ್ದು ಹೋದ ಹಾಗೆ."

ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಕೊಟ್ಟೆ. "ಈಗ ಕೂತು ಮಾತು ಮುಗಿಸ್ತು" ಅಂದರು. ನಮ್ಮ ಕೋಣೆಯಲ್ಲಿ ಇಂಥವರು ಒಬ್ಬರಿದ್ದರೆ ಸಾಕಿತ್ತು.

ಮುಂದಿನದು ಇವರ ಕೈಚಳಕ. ಬೆಣ್ಣೆ ಕಾಗದದ ಮೇಲೆ ಮಿಶ್ರಣ ಹರಡಿ, ಅಳತೆಪಟ್ಟಿಯ ಅಂಚಿನಿಂದ ಒತ್ತಿ ಬಿಗಿಯಾಗಿ ಸುತ್ತಿದರು. ಒಂದು ಗಾಳಿಗುಳ್ಳೆಯೂ ಉಳಿಯಲಿಲ್ಲ. ಎರಡು ತುದಿಯನ್ನೂ ಪೆಪ್ಪರಮೆಂಟಿನ ಹಾಗೆ ತಿರುಚಿ ಫ್ರಿಜ್ಜಿನಲ್ಲಿಟ್ಟರು. ಸಾಯಂಕಾಲ ತೆಗೆದಾಗ ಕಲ್ಲಿನ ಹಾಗೆ ಗಟ್ಟಿ. ಕಾಗದ ಬಿಚ್ಚಿ, ಸಕ್ಕರೆ ಪುಡಿ ಸವರಿ, ಪುಸ್ತಕ ಹೊಲಿಯುವ ಹೊಸ ದಾರದಿಂದ ಉದ್ದಕ್ಕೂ ಅಡ್ಡಕ್ಕೂ ಗಂಟು ಹಾಕುತ್ತ ಕಟ್ಟಿದರು. ಅಂಗಡಿಯಲ್ಲಿ ನೇತುಹಾಕಿದ್ದರೆ ಯಾರಾದರೂ ತೂಕ ಕೇಳುತ್ತಿದ್ದರು.

ಮೊದಲ ಹೋಳು ನನಗೆ ಕೊಟ್ಟರು. ಬೇಡ ಅನ್ನಬೇಕೆಂದಿದ್ದೆ, ಆದರೆ ಇಬ್ಬರೂ ಗೋಡೆ ನೋಡುವ ನಾಟಕ ಮಾಡುತ್ತಿದ್ದರು. ಬಾಯಿಗಿಟ್ಟೆ.

ಅಕ್ಕ, ಚಾಕೊಲೇಟಿನ ರುಚಿ ಬಂತು ಅಂತ ಬರೆಯಲು ನನಗೂ ಆಸೆ. ಬರಲಿಲ್ಲ. ಆದರೆ ಮೊದಲು ಹಲ್ಲಿಗೆ ತಣ್ಣಗೆ, ಗಟ್ಟಿಯಾಗಿ ತಾಕಿತು. ಆಮೇಲೆ ನಾಲಿಗೆಯ ಮೇಲೆ ಮೆತ್ತಗಾಗಿ ಜಾರುತ್ತ ಬಂತು. ಆ ಮೆತ್ತನೆಯ ಒಳಗೆ ಬಿಸ್ಕತ್ತು ಇನ್ನೂ ಕರುಂ ಅನ್ನುತ್ತಿತ್ತು. ಒಂದು ತುತ್ತಿನಲ್ಲಿ ಇಷ್ಟೆಲ್ಲ ನಡೆಯಿತು. ಜ್ವರದ ನಂತರ ಬಾಯಲ್ಲಿ ಏನಾದರೂ ನಡೆದದ್ದು ಅದೇ ಮೊದಲು. ಇನ್ನೊಂದು ಹೋಳು ಕೇಳಿದೆ. ಅದಾದ ಮೇಲೆ ಮತ್ತೊಂದು. ಅತ್ತೆ ತಮ್ಮ ಹೋಳನ್ನು ದವಡೆಯಲ್ಲಿಟ್ಟು ಚೀಪುತ್ತ, "ನನಗೆ ಹಲ್ಲಿಲ್ಲ, ಅವಳಿಗೆ ಮೂಗಿಲ್ಲ, ಒಂದು ಸಿಹಿ ಮುಗಿಸೋಕೆ ಇಬ್ಬರು ಬೇಕಾಯ್ತು" ಅಂದರು.

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಒಲೆಗೆ ಗುಂಡಿಗಳಿದ್ದವು. ಗೋಡೆಗೆ ಗ್ಯಾಸು ಸೋರಿದರೆ ಕೂಗುವ ಒಂದು ಪುಟ್ಟ ಯಂತ್ರ ಬಂದಿತ್ತು. ಚಹಾ ಮಾಡಿ ಕೊಟ್ಟೆ, ಕುಡಿದು ಹೋದರು.

ಉಳಿದದ್ದನ್ನು ಕಾರ್ಖಾನೆಗೆ ಒಯ್ದಿದ್ದೆ. ಪ್ಯಾಕಿಂಗಿನವರೆಲ್ಲ ಒಂದೊಂದು ತಿಂದರು. ದೊಡ್ಡಮ್ಮ ಒಂದು ಹೋಳನ್ನು ಕಿವಿಯ ಹತ್ತಿರ ಹಿಡಿದು ಮುರಿದಳು, ಅಭ್ಯಾಸಬಲ. "ಬಿಸ್ಕತ್ತು ಸರಿಯಾಗಿ ಆರಿಸಿದೀರಿ" ಅಂದಳು. ನನ್ನ ಜಾಗಕ್ಕೆ ಬೇರೆ ಹುಡುಗಿ ಬಂದಿದ್ದಾಳೆ, ಮೂಗು ವಾಪಸು ಬಂದರೂ ಆ ಕುರ್ಚಿ ಸಿಗುವುದು ಕಷ್ಟ ಅಂತ ಅವಳೇ ನೇರವಾಗಿ ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲವಲ್ಲ ಅಂತ ಸಮಾಧಾನ. ಪ್ಯಾಕಿಂಗಿನಲ್ಲಿ ಜನ ಒಳ್ಳೆಯವರು, ಮಾತೂ ನಡೆಯುತ್ತೆ. ಬಿಳಿ ಕೋಣೆಯಲ್ಲಿ ಮಾತಾಡುವಂತಿರಲಿಲ್ಲ. ಈಗ ಊಟವನ್ನೂ ಮಾಡುತ್ತಿದ್ದೇನೆ. ಗರಿಗರಿ ಇರುವುದು, ತಣ್ಣಗಿರುವುದು, ಹಲ್ಲಿಗೆ ಕೆಲಸ ಕೊಡುವುದು ಏನಾದರೂ ತಟ್ಟೆಯಲ್ಲಿರುವ ಹಾಗೆ ಅತ್ತೆ ನೋಡಿಕೊಳ್ಳುತ್ತಾರೆ. ನೀನು ಅದರ ಚಿಂತೆ ಬಿಡು.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ನೀನು ಕೇಳುವವಳಲ್ಲ. ಮಕ್ಕಳು ಓದಿನಲ್ಲಿ, ಆಟದಲ್ಲಿ ಮುಂದೆ ಬರಲಿ, ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಲಿ. ಚಿಕ್ಕಮ್ಮ ಒಂದು ಮಾಂಸವಿಲ್ಲದ ಸಲಾಮಿ ಕಳಿಸುತ್ತಾಳೆ ಅಂತ ಹೇಳು. ನಿನ್ನ ಮನೆ ನಗುತ್ತಿರಲಿ.

ಇತಿ ನಿನ್ನ ತಂಗಿ

ತಾ.ಕ.: ಇವರು ಹೇಗಿದ್ದಾರೆ ಅಂತ ಎರಡು ಕಾಗದದಲ್ಲೂ ಕೇಳಿದ್ದೀಯ. ಮೇಲೆ ಬರೆಯಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ಇಷ್ಟು ವರ್ಷ ಅವರು ಪಕ್ಕಕ್ಕೆ ಬಂದರೆ ನೋಡದೇ ಗೊತ್ತಾಗುತ್ತಿತ್ತು. ಅಂಟು, ಹಳೇ ಕಾಗದದ ಧೂಳು, ಬೆವರು, ಎಲ್ಲ ಸೇರಿ ಅವರದ್ದೇ ಒಂದು ವಾಸನೆ. ಈಗ ಮುಖ ಅದೇ, ದನಿ ಅದೇ, ಕಣ್ಣು ಮುಚ್ಚಿದರೆ ಮಾತ್ರ ಪಕ್ಕದಲ್ಲಿ ಯಾರೋ ಮಲಗಿದ್ದಾರೆ. ಬುಧವಾರ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟರು. ಬೆಚ್ಚಿಬಿದ್ದು ಅವರನ್ನು ತಳ್ಳಿಬಿಟ್ಟೆ, ಯಾರೋ ಗುರುತಿಲ್ಲದವರನ್ನು ತಳ್ಳಿದ ಹಾಗೆ. ಅವರು ನನ್ನ ಮುಖ ನೋಡಿದರು. ಅವತ್ತಿನಿಂದ, ಅಕ್ಕ, ನಾನಿರುವ ಕೋಣೆಗೆ ಬರುವ ಮೊದಲು ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತಾರೆ.